ವೇದಿಕೆಗೆ ಸಿಕ್ಕ ಜರ್ಮನ್ ಅತಿಥಿ

ವಿಶಾಖಪಟ್ಟಣದ ನಮ್ಮ ಔಷಧಿ ಕಂಪನಿಗೆ ಹೋದ ವರ್ಷ ಮಾತ್ರೆ ಒತ್ತುವ ಯಂತ್ರ ಕೂರಿಸಲು ಒಬ್ಬ ಜರ್ಮನ್ ಇಂಜಿನಿಯರ್ ಬಂದಿದ್ದರು. ಐವತ್ತು ದಾಟಿದ ಮನುಷ್ಯ, ಕುರ್ಚಿಯ ಆಚೀಚೆ ಚಾಚಿಕೊಳ್ಳುವಷ್ಟು ಅಗಲದ ಭುಜ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ, ಏನು ವ್ಯಾಯಾಮ ಮಾಡುತ್ತೀರಿ ಎಂದು ಕೇಳಿದೆ. ಹಿಂದೆ ದೋಣಿ ಸ್ಪರ್ಧೆಯಲ್ಲಿದ್ದೆ, ದೇಶದ ತಂಡದಲ್ಲಿ ಹುಟ್ಟು ಹಾಕುತ್ತಿದ್ದೆ ಎಂದರು.

ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರು ಬಳ್ಳಾರಿಯವರು, ತೆಲುಗರ ಮನೆಯ ಅಳಿಯನಾಗಿ ಇಲ್ಲೇ ಉಳಿದವರು. ವಿಜಯವಾಡದಲ್ಲಿ ನಡೆಯಲಿದ್ದ ಕಂಪನಿಯ ವಾರ್ಷಿಕ ಕೂಟಕ್ಕೆ ಮುಖ್ಯ ಅತಿಥಿಯನ್ನು ಹುಡುಕುತ್ತಿದ್ದರು. ಕೃಷ್ಣಾ ನದಿಯಲ್ಲಿ ನೌಕರರ ದೋಣಿ ಪಂದ್ಯವೂ ಇತ್ತು. ಸಿನಿಮಾದವರು ಯಾರೂ ಒಪ್ಪಿರಲಿಲ್ಲ. ಜರ್ಮನ್ ಒಪ್ಪಿದರು.

ಕೂಟದ ದಿನ ನದಿಯ ದಡಕ್ಕೆ ಹೋದರೆ, ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಮಾಡಿಸಿ ತಂದ ಫ್ಲೆಕ್ಸ್ ಎದುರಿಗೇ ನಿಂತಿತ್ತು. ಅದರಲ್ಲಿ ಅತಿಥಿಗಿಂತ ದೊಡ್ಡದಾಗಿ ಮ್ಯಾನೇಜರ ಮುಖ. ಅತಿಥಿಯ ಚಿತ್ರದ ಕೆಳಗೆ ‘ವರ್ಲ್ಡ್ ಚಾಂಪಿಯನ್’.

“ನಾನು ಚಾಂಪಿಯನ್ ಅಲ್ಲ. ನಮಗೆ ಬಂದದ್ದು ನಾಲ್ಕನೆಯ ಸ್ಥಾನ,” ಎಂದರು ಜರ್ಮನ್.

ಅತಿಥಿಯ ಮಾತನ್ನು ಅನುವಾದಿಸಬೇಕಿದ್ದ ನನ್ನನ್ನು ಮ್ಯಾನೇಜರು ಪಕ್ಕಕ್ಕೆ ಕರೆದರು. “ನಾಲ್ಕನೇದಕ್ಕ ಮೆಡಲ್ ಕೊಡಂಗಿಲ್ಲೇನಮ್ಮಾ?”

“ಇಲ್ಲ ಸರ್.”

“ಹಂಗಾದ್ರ ನೀವು ತೆಲುಗಿನಾಗ ಹೇಳೋವಾಗ ಆ ನಂಬರ್ ಬಿಟ್ಟುಬಿಡ್ರಂಡಿ.”

ಜರ್ಮನ್ ಮೈಕಿನ ಮುಂದೆ ನಿಂತು ತಮ್ಮ ಕತೆ ಹೇಳಿದರು. ಶಾಲೆಯಲ್ಲಿದ್ದಾಗಲೇ ಹುಟ್ಟು ಹಿಡಿದದ್ದು, ಚಳಿಯಲ್ಲಿ ಬೆರಳು ಮರಗಟ್ಟುತ್ತಿದ್ದದ್ದು, ಎಂಟು ಜನರ ದೋಣಿಯಲ್ಲಿ ವರ್ಷಗಟ್ಟಲೆ ಮುಂದಿನವನ ಕುತ್ತಿಗೆಯನ್ನೇ ನೋಡುತ್ತಾ ಕೂತದ್ದು. ಒಂದೇ ಒಂದು ದೊಡ್ಡ ಫೈನಲ್ ಸಿಕ್ಕಿತಂತೆ. ಕೊನೆಯ ಗಳಿಗೆಯವರೆಗೂ ಮೂರನೆಯವರಾಗಿದ್ದವರು ಗೆರೆ ದಾಟುವಾಗ ನಾಲ್ಕನೆಯವರಾದರಂತೆ. ಆಮೇಲೆ ಬೆನ್ನು ಕೈಕೊಟ್ಟಿತು. ಇನ್ನು ಬರಬೇಕಾಗಿಲ್ಲ ಎಂದು ತಂಡದವರು ಫೋನಿನಲ್ಲೇ ಹೇಳಿ ಮುಗಿಸಿದರು.

ನಾನು ನಂಬರ್ ಸಮೇತ ತೆಲುಗಿನಲ್ಲಿ ಹೇಳಿದೆ. ಶಾಲು ಹಿಡಿದು ನಿಂತಿದ್ದವನು, ಹೊದಿಸುವುದೋ ಬೇಡವೋ ತಿಳಿಯದೆ ಮ್ಯಾನೇಜರ ಮುಖ ನೋಡಿದ.

ಮ್ಯಾನೇಜರು ಮೈಕ್ ಕಿತ್ತುಕೊಂಡು, “ದೊಡ್ಡವರ ವಿನಯ ನೋಡಿ. ಗೆದ್ದು ಬಂದರೂ ಸೋತೆ ಅನ್ನುತ್ತಾರೆ,” ಎಂದು ತೆಲುಗಿನಲ್ಲಿ ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಶಾಲು ಬಿತ್ತು, ಹಾರ ಬಿತ್ತು, ಕೈಗೊಂದು ಕೊಂಡಪಲ್ಲಿಯ ಮರದ ಗೊಂಬೆಯೂ ಬಂತು.

“ಅವರು ಏನು ಹೇಳಿದರು?” ಎಂದು ಜರ್ಮನ್ ಕೇಳಿದರು. ಹೇಳಿದೆ. ಅವರ ಮುಖದ ನಗು ಇಳಿಯಿತು. “ಹಾಗಾದರೆ ನಮ್ಮನ್ನು ಸೋಲಿಸಿದವರ ಗತಿ ಏನು? ಅವರೂ ಕಷ್ಟಪಟ್ಟಿದ್ದರು.”

ಪಂದ್ಯ ಶುರುವಾಯಿತು. ನಮ್ಮ ಅಧಿಕಾರಿಗಳ ದೋಣಿಯಲ್ಲಿ ಎಲ್ಲರೂ ಆಜ್ಞೆ ಕೊಡುವವರೇ ಆದ್ದರಿಂದ ಅದು ಇದ್ದಲ್ಲೇ ಗಿರಗಿರ ತಿರುಗಿತು. ಜರ್ಮನ್ ಎರಡು ನಿಮಿಷ ತಾಳಿಕೊಂಡರು. ಆಮೇಲೆ ಶಾಲು, ಹಾರ, ಗೊಂಬೆ ಎಲ್ಲವನ್ನೂ ನನ್ನ ಮಡಿಲಿಗೆ ಹಾಕಿ, ದಡದಲ್ಲಿದ್ದ ಅಂಬಿಗನನ್ನು ಕೈಸನ್ನೆಯಲ್ಲೇ ಒಪ್ಪಿಸಿ ಅವನ ಪುಟ್ಟ ದೋಣಿ ಹತ್ತಿದರು. ಸ್ಪರ್ಧೆಯವರಂತೆ ಹಿಮ್ಮುಖವಾಗಿ ಕೂತು ಹುಟ್ಟು ಹಾಕಿದ್ದರಿಂದ ಮುಖ ನಮ್ಮ ಕಡೆಗಿತ್ತು, ದೋಣಿ ಮಾತ್ರ ನೀರು ಅಲುಗದಂತೆ ದೂರ ಸರಿಯಿತು. “ಅತಿಥಿಗಳು ದಯವಿಟ್ಟು ವೇದಿಕೆಗೆ ಬರಬೇಕು,” ಎಂದು ಮೈಕ್ ಗೋಗರೆಯುತ್ತಲೇ ಇತ್ತು.

ಮರಳಿ ಬಂದಾಗ ಅಂಗಿ ತೊಯ್ದಿತ್ತು, ಅಂಗೈ ಸುಲಿದಿತ್ತು. ನೋಯುತ್ತಿದೆಯೇ ಎಂದೆ.

“ತುಂಬಾ,” ಎಂದು ಬಾಯಿತುಂಬ ನಕ್ಕರು.

ಅಷ್ಟರಲ್ಲಿ ಮ್ಯಾನೇಜರು ಫೋಟೋಗ್ರಾಫರನನ್ನು ಎಳೆದುಕೊಂಡು ಓಡಿಬಂದರು. ಇನ್ನೊಂದು ಸಲ ಅಷ್ಟೇ ದೂರ ಹೋಗಿ ಬರಲಾದೀತೇ ಎಂದು ನನ್ನ ಮೂಲಕ ಜರ್ಮನರನ್ನು ಕೇಳಿಸಿದರು. ಮೊದಲ ಸಲ ಹೋದಾಗ ಕ್ಯಾಮೆರಾ ಮ್ಯಾನೇಜರ ಮೇಲೇ ಇತ್ತಂತೆ.