ಬೇಸ್‌ಮೆಂಟಿನ ಉಸಿರು

ಟೆಕ್ಸಾಸ್‌ನಲ್ಲಿ ಬೇಸ್‌ಮೆಂಟ್ ಇರುವ ಮನೆ ಅಪರೂಪ. ಲೂಯಿಸ್‌ವಿಲ್‌ನಲ್ಲಿ ಅಂಥದ್ದೊಂದು ಬಾಡಿಗೆಗೆ ಸಿಕ್ಕಿದ್ದೇ ತಡ, ಕೆಳಗೆ ಬಿಯರ್ ಮಾಡಲು ಶುರುಮಾಡಿದೆ. ದೊಡ್ಡ ಬಕೆಟ್ಟಿನಲ್ಲಿ ಅದು ಹುದುಗು ಬರುವಾಗ ಮುಚ್ಚಳದ ಕೊಳವೆಯಿಂದ ಆಗಾಗ ‘ಗುಳುಕ್’ ಎಂದು ಗಾಳಿ ಹೊರಬರುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ವಿನಿಗರ್ ಎಂದು ಸುಳ್ಳು ಹೇಳಿದ್ದೆ. ಅವಳು ಕಿವಿಗೊಟ್ಟು, “ಉಸಿರಾಡ್ತಿದೆ ಕಣೋ” ಎಂದಿದ್ದಳು.

ಆ ಮೇ ತಿಂಗಳು ಹಾಳು ಮಳೆ ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಬೇಸ್‌ಮೆಂಟಿನ ನೀರೆತ್ತುವ ಪಂಪ್ ನಿಂತಿತು. ನಾವಿಬ್ಬರೂ ಬಾಗಿಲು ತೆಗೆದು ನೋಡಿದರೆ ಅರ್ಧ ಮೆಟ್ಟಿಲುಗಳವರೆಗೆ ಕಪ್ಪು ನೀರು. ಕತ್ತಲೊಳಗಿಂದ ಗುಳುಕ್, ಗುಳುಕ್. ಬರಬರುತ್ತಾ ಸದ್ದು ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಅಮ್ಮ ಬಾಗಿಲು ಮುಚ್ಚಿದಳು.

ನೀರು ಇಳಿದಾಗ ಬಕೆಟ್ ಮಗುಚಿ ಬಿದ್ದಿತ್ತು. ಇಪ್ಪತ್ತು ಲೀಟರ್ ಬಿಯರ್ ಕೆಸರಿನ ಪಾಲು. ಮಳೆಗೂ ಪಂಪಿಗೂ ಶಾಪ ಹಾಕುತ್ತಾ ಬೇಸ್‌ಮೆಂಟನ್ನೆಲ್ಲ ಉಜ್ಜಿ ತೊಳೆದು, ಒಣಗಿಸಿ, ಖಾಲಿ ಬಕೆಟ್ ಹಿಡಿದು ಮೇಲೆ ಬಂದೆ.

ಅಡುಗೆಮನೆಯಲ್ಲಿದ್ದ ಅಮ್ಮ ಕೆಲಸ ನಿಲ್ಲಿಸಿ ಕೇಳಿದಳು: “ಇಷ್ಟು ಬೇಗ ಮತ್ತೆ ಇಟ್ಯೇನೋ? ಕೆಳಗೆ ಉಸಿರಾಡ್ತಿದೆ.”

ಇಲ್ಲ ಎನ್ನಲು ಬಾಯಿ ತೆರೆದೆ. ಬಕೆಟ್ ನನ್ನ ಕೈಯಲ್ಲೇ ಇತ್ತು. ಕೆಳಗಿನಿಂದ ಬರುತ್ತಿದ್ದ ಸದ್ದು ನನಗೂ ಕೇಳಿಸುತ್ತಿತ್ತು.