ಮಹಬೂಬನ ಮೊಣಕೈ

ಇವತ್ತು ಬೆಳಿಗ್ಗೆ ಪಡಸಾಲೆಗೆ ಹಾಸಿದ ಪರಸಿ ಕಲ್ಲುಗಳಿಗೆ ನೀರು ಹಾಕಿ ಒರೆಸುತ್ತಿದ್ದ ನನ್ನ ಹೆಂಡತಿ ಒಂದು ಕಲ್ಲಿನ ಮೇಲೆ ಕಾಲಿಟ್ಟಳು. ಕಲ್ಲು ಟಕ್ ಎಂದು ಅಲುಗಾಡಿತು. "ಮಹಬೂಬಣ್ಣಗ ಹೇಳಿ ಕಳಸ್ರಿ ಅಂತ ಎಷ್ಟು ಸಲ ಹೇಳ್ಬೇಕ್ರಿ?" ಎಂದಳು. ಈ ಕಲ್ಲಿಗೆ ನಾನು ಎರಡು ವರ್ಷದಿಂದ ನೆಪ ಹೇಳುತ್ತ ಬಂದಿದ್ದೇನೆ.

ಒದ್ದೆಯಾದ ಶಹಾಬಾದ್ ಕಲ್ಲನ್ನು ನೀವು ಮೇಲಿನಿಂದ ನೋಡಿದ್ದೀರಾ? ಬೂದು, ನೀಲಿ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ವಿಮಾನದಿಂದ ಸಮುದ್ರವೂ ಹಾಗೇ ಕಾಣುತ್ತದಂತೆ. 'ಅಂತೆ' ಎನ್ನುತ್ತಿರುವವನು ಸಮುದ್ರದ ಮೇಲೆ ಹಾರಿ ಬಂದವನು, ನಮ್ಮೂರು ವಾಡಿಯಲ್ಲಿ ಇವತ್ತಿಗೂ 'ವಿಮಾನದವರು' ಎಂದು ಕರೆಸಿಕೊಳ್ಳುವವನು. ಅದಕ್ಕೇ ಈ ಪುರಾಣ.

ಎಂಬತ್ತರ ದಶಕದ ಮಾತು. ಕರಾವಳಿಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ತಿಮಿಂಗಿಲ, ಡಾಲ್ಫಿನ್, ಕಡಲಾಮೆಗಳನ್ನು ಆಕಾಶದಿಂದ ಎಣಿಸುವ ಕೆಲಸ ಅಲ್ಲಿ ಶುರುವಾಯಿತು. ಕಣ್ಣು ಚುರುಕಿದ್ದವರು ಬೇಕೆಂದರು. ನಾನು ಕೈ ಎತ್ತಿದೆ. ಶಹಾಬಾದಿನ ನನ್ನ ಶಾಲೆಯ ಗೆಳೆಯ ಮಹಬೂಬನಿಗೂ ಕಾಗದ ಬರೆದೆ. ಕಲ್ಲಿನ ಗಣಿಯಲ್ಲಿ ಕೂದಲೆಳೆಯಷ್ಟು ಸೀಳನ್ನೂ ನಿಂತಲ್ಲಿಂದಲೇ ಹಿಡಿಯುತ್ತಿದ್ದ ಅವನು, ದೂಳಿನ ಕೆಲಸ ತಪ್ಪೀತೆಂಬ ಆಸೆಯಿಂದ ಓಡಿ ಬಂದ. ಹೊಸ ಕೆಲಸ ಕಾಯಂ ಆಗುವ ಮಾತಿತ್ತು.

"ಸಮುದ್ರ ಅಂದ್ರ ಭಾಳ ದೊಡ್ಡ ಪರಸಿ ಹಾಸಿದಂಗ ಅದ ನೋಡೋ," ಎಂದು ಮೊದಲ ದಿನ ನಕ್ಕಿದ್ದ.

ಎಣಿಸುವ ಕ್ರಮ ಹೀಗಿತ್ತು. ಒಂದೇ ಬದಿಯ ಕಿಟಕಿಗಳಲ್ಲಿ ಇಬ್ಬರು, ಒಬ್ಬನ ಹಿಂದೆ ಒಬ್ಬ. ನಡುವೆ ಪರದೆ. ಮಾತಾಡಕೂಡದು. ಆಮೇಲೆ ಎರಡೂ ಹಾಳೆಗಳನ್ನು ಹೋಲಿಸಿ, ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಎಷ್ಟು ತಪ್ಪಿತು ಎಂಬುದರಿಂದ ಇಬ್ಬರಿಗೂ ತಪ್ಪಿದ್ದನ್ನು ಅಂದಾಜು ಮಾಡುತ್ತಿದ್ದರು. ಇಬ್ಬರೂ ಪ್ರಾಮಾಣಿಕರೆಂದು ನಂಬಿ ಮಾಡಿದ ಏರ್ಪಾಡು.

ವಿಮಾನ ನೆಲ ಬಿಟ್ಟ ಕೂಡಲೇ ನಾನು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಊರಿನ ನೀರಿನ ಟಾಕಿ ಏರಲೂ ಹೆದರುತ್ತಿದ್ದವನು ಯಾವ ಧೈರ್ಯದಿಂದ ಕೈ ಎತ್ತಿದ್ದೆನೋ! ಕಿಟಕಿಯಿಂದ ಮುಖ ತಿರುಗಿಸಿದೆ. ಪರದೆಯ ಅಂಚಿನಲ್ಲಿ ಮುಂದೆ ಕೂತ ಮಹಬೂಬನ ಮೊಣಕೈ ಕಾಣಿಸಿತು. ಅವನು ಬರೆದಾಗಲೆಲ್ಲ ಅದು ಆಡುತ್ತಿತ್ತು. ಅದು ಒಮ್ಮೆ ಆಡಿದರೆ ನನ್ನ ಹಾಳೆಯಲ್ಲಿ ಒಂದು ಆಮೆ. ಗಡಿಯಾರ ನೋಡಿ ಹೊತ್ತನ್ನೂ ಬರೆದೆ. ಒಂದು ಕಡೆ ಮೊಣಕೈ ಬಹಳ ಹೊತ್ತು ಆಡಿತು. ಧಾರಾಳವಾಗಿ ಏಳು ಆಮೆ ಬರೆದೆ.

ಅಲ್ಲಿ ಅವನು ಬರೆದದ್ದೇನೆಂದು ಸಂಜೆ ಸಾಹೇಬರು ಹಾಳೆ ಹರಡಿದಾಗ ನೋಡಿದೆ: 'ನೀರಿನ ಮೇಲೆ ಬಿಸಿಲು ಬಹಳ ಹೊಳೆಯುತ್ತಿದೆ. ಏನೂ ಕಾಣಿಸುತ್ತಿಲ್ಲ.'

"ಹಿಂದೆ ಕೂತವನಿಗೆ ಏಳು ಕಂಡಿವೆ. ನಿನಗೆ ಬಿಸಿಲೊಂದೇ ಕಂಡಿತೇನಯ್ಯಾ?" ಎಂದರು ಸಾಹೇಬರು.

ಮಹಬೂಬ ನನ್ನತ್ತ ತಿರುಗಿದ. "ಖರೇನೇ ಕಂಡ್ವೇನೋ?" ಎಂದ. ಅವನ ದನಿಯಲ್ಲಿ ಅನುಮಾನವಿರಲಿಲ್ಲ. ತನ್ನ ಕಣ್ಣಿಗೆ ಏನಾಯಿತೋ ಎಂಬ ಗಾಬರಿ ಇತ್ತು.

"ಕಂಡ್ವು," ಎಂದೆ.

ವಾರದೊಳಗೆ ಅವನನ್ನು ಊರಿಗೆ ಕಳಿಸಿದರು. ನಾನು ಬಸ್ ನಿಲ್ದಾಣಕ್ಕೆ ಹೋಗಿ, ದಾರಿಗೆಂದು ಬಾಳೆಹಣ್ಣು ಕೊಡಿಸಿದೆ. ಸುಳ್ಳಿಗಿಂತ ಆ ಬಾಳೆಹಣ್ಣು ನೆನಪಾದಾಗಲೇ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಅವನು ಮತ್ತೆ ಕಲ್ಲಿನ ಕೆಲಸಕ್ಕೇ ಬಿದ್ದ. ನಾನು ವಾಡಿಗೆ ಬಂದು ಮನೆ ಕಟ್ಟಿಸಿದಾಗ ಈ ಪರಸಿ ಹಾಸಿದವನೂ ಅವನೇ. ಒಂದೊಂದು ಕಲ್ಲನ್ನೂ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡುತ್ತಿದ್ದ. "ಮೊದ್ಲಿನಂಗ ಕಣ್ಣಿನ ಮ್ಯಾಲ ಭರೋಸ ಇಲ್ಲೋ," ಎನ್ನುತ್ತಿದ್ದ. ನಾನು ಚಹಾ ಕೊಟ್ಟೆ, ಬಾಯಿ ಮಾತ್ರ ಬಿಡಲಿಲ್ಲ.

ಇವತ್ತು ಕೊನೆಗೂ ಹೇಳಿ ಕಳಿಸಿದೆ. ಮಧ್ಯಾಹ್ನ ಬಂದ. ಕಲ್ಲೆತ್ತಿ, ಕೆಳಗಿನ ಮರಳು ಕೆದರುತ್ತ ಕೂತಿದ್ದಾಗ ಎಲ್ಲ ಹೇಳಿಬಿಟ್ಟೆ. ಮೊಣಕೈಯನ್ನೂ, ಆ ಏಳನ್ನೂ. ಅವನ ಕೈ ನಿಂತಿತು. ಬೈದರೆ ಸಾಕೆಂದು ಕಾದೆ.

"ಅಂದ್ರ ಅಲ್ಲಿ ಬಿಸಿಲೇ ಇತ್ತು?"

"ಇತ್ತೇನೋ. ನಾ ಕೆಳಗ ನೋಡೇ ಇಲ್ಲ."

ಅವನು ಮರಳು ಸಮ ಮಾಡಿದ. ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದ, ಒಂದೇ ಸಲ. ಕೂಡಿಸಿದ. ಕೈ ತೊಳೆದುಕೊಂಡು, ಹೆಂಡತಿ ತಂದ ಚಹಾ ಮುಟ್ಟದೆ ಹೋದ.

ಕಲ್ಲು ಈಗ ಅಲುಗಾಡುವುದಿಲ್ಲ. ಹೆಂಡತಿ ತುಳಿದು ನೋಡಿ ಹೇಳಿದಳು. ನನಗಿನ್ನೂ ಅದರ ಮೇಲೆ ಕಾಲಿಡಲು ಆಗಿಲ್ಲ.