ಡ್ಯಾಡಿ ಮುಚ್ಚಿದ ಕಿಟಕಿ

ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಕೆಂಪು ದ್ರಾಕ್ಷಿ ರಸದ ವಾಸನೆ ಹೋಟೆಲಿನ ಕೋಣೆಯನ್ನೆಲ್ಲ ತುಂಬಿತು. ಮೂಗಿಗೆ ಮೊದಲು ಸಿಹಿ, ಆಮೇಲೆ ಚೂರು ಒಗರು. ಆಫೀಸಿನ ಕೆಲಸಕ್ಕೆಂದು ಬಹಳ ವರ್ಷಗಳ ಮೇಲೆ ಕುವೈತಿಗೆ ಬಂದಿದ್ದೇನೆ. ಕೆಲಸ ಮುಗಿದ ಮೇಲೆ ಸುಮ್ಮನಿರಲಾರದೆ ಬ್ನೇದ್ ಅಲ್ ಗಾರ್ ಬಡಾವಣೆಗೆ ಹೋಗಿ, ನಾನು ಬೆಳೆದ ಕಟ್ಟಡವನ್ನು ಹುಡುಕಿದೆ. ಅದಿದ್ದ ಜಾಗದಲ್ಲಿ ಈಗ ಕಾರುಗಳು ಸಾಲಾಗಿ ನಿಂತಿವೆ. ಎದುರಿನ ಬಕಾಲಾ ಅಂಗಡಿ ಮಾತ್ರ ಹಾಗೇ ಇತ್ತು. ಗಲ್ಲಾದಲ್ಲಿ ಕೂತವರು ಬೇರೆ, ಫ್ರಿಜ್ಜಿನಲ್ಲಿದ್ದ ದ್ರಾಕ್ಷಿ ರಸದ ಬಾಟಲಿ ಅದೇ. ಊರಲ್ಲಿ ಮನೆ ಬಿಟ್ಟು ಬಂದವರಿಗೆ ಮರಳಿ ಹೋದರೆ ನೋಡಲು ಒಂದು ಬಾವಿಕಟ್ಟೆಯಾದರೂ ಉಳಿದಿರುತ್ತದೆ. ಗಲ್ಫಿನ ಬಾಡಿಗೆ ಫ್ಲ್ಯಾಟುಗಳಲ್ಲಿ ಬೆಳೆದ ನಮ್ಮಂಥವರ ಕಥೆ ಬೇರೆ. ನೀವೂ ಹಾಗೆ ಬೆಳೆದವರಾದರೆ ಬಲ್ಲಿರಿ, ಕಟ್ಟಡ ಕಾಯುವವನ ಕೈಗೆ ಬೀಗದ ಕೈ ಕೊಟ್ಟಲ್ಲಿಗೆ ನಮ್ಮ ಬಾಲ್ಯ ಖಲಾಸ್. ಹಾಗಾಗಿ ಬಾಟಲಿಯನ್ನಾದರೂ ಕೊಂಡು ತಂದೆ.

ಆ ಫ್ಲ್ಯಾಟಿನಲ್ಲಿ ನಾವು ಮೂವರಿದ್ದೆವು. ಡ್ಯಾಡಿ ರಾಯ್ ಎಂಬ ಪ್ರದೇಶದ ಒಂದು ಕಾರು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಎಷ್ಟು ಸೋಪು ತಿಕ್ಕಿದರೂ ಅವರ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ನಾನು ಒಬ್ಬಳೇ ಮಗಳು. ಮನೆಮಾತು ಕೊಂಕಣಿ, ಪಕ್ಕದ ತುಳುವರೊಡನೆ ಮಂಗಳೂರು ಕನ್ನಡ, ಉಳಿದ ಲೋಕದೊಡನೆ ಬಾಯಿಗೆ ಸಿಕ್ಕಿದ ಭಾಷೆ. ಕ್ರಿಸ್‌ಮಸ್ ಬಂದರೆ ಮಮ್ಮಿ ಡ್ಯೂಟಿಯ ನಡುವೆಯೇ ನೆವ್ರಿ, ಕುಲ್‌ಕುಲ್ ಎಲ್ಲ ಮಾಡಿ ಕುಸ್ವಾರಿನ, ಅಂದರೆ ಹಬ್ಬದ ಸಿಹಿತಿಂಡಿಗಳ, ತಟ್ಟೆ ಸಜ್ಜುಗೊಳಿಸುತ್ತಿದ್ದಳು. ಊರಲ್ಲಾದರೆ ಅದರ ಜೊತೆಗೆ ಭರಣಿಯಲ್ಲಿ ಇಟ್ಟು ಮಾಡಿದ ಮನೆಯ ವೈನ್ ಇರಬೇಕು. ಕುವೈತಿನಲ್ಲಿ ಮದ್ಯಕ್ಕೆ ನಿಷೇಧ, ಅದರ ಮಾತೇ ಇಲ್ಲ. ಅದಕ್ಕೆ ಮಮ್ಮಿ ಮದುವೆಗೆ ಬಂದ ಕಾಲುಳ್ಳ ಪುಟ್ಟ ಗ್ಲಾಸುಗಳನ್ನು ಒರೆಸಿ, ಬಕಾಲಾದ ದ್ರಾಕ್ಷಿ ರಸವನ್ನು ಅವುಗಳಿಗೆ ಬಗ್ಗಿಸುತ್ತಿದ್ದಳು. ಅವಳು ಬಾಟಲಿ ಎತ್ತಿದ ಕೂಡಲೇ ಡ್ಯಾಡಿ ಎದ್ದು ಹೋಗಿ ಕಿಟಕಿ ಮುಚ್ಚಿ ಪರದೆ ಎಳೆಯುತ್ತಿದ್ದರು.

"ಜ್ಯೂಸ್ ಅಲ್ವಾ ಮಾರಾಯ್ರೆ, ಬಕಾಲಾದ್ದು" ಎಂದು ಮಮ್ಮಿ ಪ್ರತಿ ವರ್ಷವೂ ನಗುತ್ತಿದ್ದಳು.

"ಜ್ಯೂಸ್ ಅಂತ ಎದುರು ಬಿಲ್ಡಿಂಗಿನವರಿಗೆ ನೀನು ಇಲ್ಲಿಂದ ಕೂಗಿ ಹೇಳ್ತೀಯಾ?" ಎಂದು ಡ್ಯಾಡಿ ಪ್ರತಿ ವರ್ಷವೂ ಕೇಳುತ್ತಿದ್ದರು. ಅವರಿಗೂ ಕಾರಣವಿತ್ತು. ಕುವೈತಿಗೆ ಬಂದ ಹೊಸತರಲ್ಲಿ ಅವರ ರೂಮಿನಲ್ಲೇ ಇದ್ದ ಒಬ್ಬ ಗೆಳೆಯ ಹಬ್ಬದ ಆಸೆಗೆ ಅಡುಗೆಮನೆಯಲ್ಲಿ ಗುಟ್ಟಾಗಿ ವೈನ್‌ಗೆಂದು ದ್ರಾಕ್ಷಿ ಹುದುಗಲು ಇಟ್ಟಿದ್ದ. ಯಾರೋ ದೂರು ಕೊಟ್ಟರು, ಪೊಲೀಸರು ಬಂದರು, ಅವನು ಹಬ್ಬಕ್ಕೆ ಮೊದಲೇ ಗಡೀಪಾರಾಗಿ ಬರಿಗೈಯಲ್ಲಿ ಊರು ಸೇರಿದ. ಅವನ ಬಟ್ಟೆಬರೆಯನ್ನು ಪೆಟ್ಟಿಗೆಗೆ ತುಂಬಿ ಕಳಿಸಿದ್ದು ಡ್ಯಾಡಿ. ಅಂದು ಹೊಕ್ಕ ಹೆದರಿಕೆ ಅವರಿಂದ ಹೊರಗೆ ಹೋಗಲೇ ಇಲ್ಲ. ನನಗೋ ಪರದೆ ಎಳೆಯುವುದೂ ಕ್ಯಾರಲ್ ಹಾಡುವ ಹಾಗೆ ಹಬ್ಬದ ಒಂದು ಭಾಗ ಅಷ್ಟೇ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಮಮ್ಮಿಗೆ ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳ ಅಕ್ಕ, ನನ್ನ ಲೀನಾ ಮಾವ್ಶಿ, ಅಲ್ಲೇ ನರ್ಸ್ ಆಗಿದ್ದಳು, ದಾರಿ ಮಾಡಿಕೊಟ್ಟದ್ದು ಅವಳೇ. ಮಮ್ಮಿಗೆ ಹೋಗುವ ಮನಸ್ಸು, ನನ್ನ ಓದಿನ ಆಸೆ. ಡ್ಯಾಡಿ ದಿನ ದೂಡುತ್ತಲೇ ಹೋದರು. ಹೋದರೆ ಅವರು ಆ ವಯಸ್ಸಿನಲ್ಲಿ ಹೊಸ ಭಾಷೆ ಕಲಿತು, ಕೆಲಸ ಹುಡುಕುತ್ತ, ಹೆಂಡತಿಯ ಸಂಬಳದಲ್ಲಿ ಕೂರಬೇಕು. ಕೂರಲಾರೆ ಎಂದರೆ ಮನೆ ಎರಡಾಗಬೇಕು. ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ, ಆದರೆ ಫ್ಲ್ಯಾಟಿನ ಗೋಡೆಗಳು ತೆಳು. ಕೊನೆಗೆ ಡ್ಯಾಡಿಯೇ "ಒಮ್ಮೆ ನೋಡಿ ಬರುವ" ಎಂದರು. ವಾರದ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ಹೊರಟೆವು. ಮಾವ್ಶಿ ನಮ್ಮನ್ನು ಮೊಸೆಲ್ ನದಿಯ ದಂಡೆಯ ದ್ರಾಕ್ಷಿ ಹಳ್ಳಿಗಳನ್ನು ತೋರಿಸಲು ಕರೆದೊಯ್ದಳು. ಬಾಡಿಗೆ ಕಾರಿನ ಸ್ಟಿಯರಿಂಗ್ ಡ್ಯಾಡಿಯದು.

ಅಲ್ಲಿಯವರೆಗೆ ನನಗೆ ಹಸಿರು ಎಂದರೆ ಸಮುದ್ರ ದಂಡೆಯ ರಸ್ತೆಯಲ್ಲಿ ಪೈಪಿನ ನೀರು ಕುಡಿದು ಬದುಕುವ ಹುಲ್ಲು. ಇಲ್ಲಿ ನದಿಯ ಎರಡೂ ಕಡೆ ಗುಡ್ಡಕ್ಕೆ ಗುಡ್ಡವೇ ದ್ರಾಕ್ಷಿ. ಬಳ್ಳಿಗಳ ಸಾಲು ನೀರಿನ ಅಂಚಿನಿಂದ ಹೊರಟು ಕತ್ತೆತ್ತಿ ನೋಡುವಷ್ಟು ಎತ್ತರಕ್ಕೆ ಹತ್ತಿ ಹೋಗಿತ್ತು. ಎಲೆಗಳು ಹಳದಿಗೆ ತಿರುಗುವ ಕಾಲ. ನದಿ ತಿರುಗಿದಂತೆಲ್ಲ ರಸ್ತೆಯೂ ತಿರುಗುತ್ತಿತ್ತು, ಪ್ರತಿ ತಿರುವಿನಲ್ಲೂ ಕಪ್ಪು ಕಲ್ಲಿನ ಮಾಡಿನ ಒಂದು ಹಳ್ಳಿ, ಅದರ ನಡುವೆ ಒಂದು ಚೂಪು ಗೋಪುರದ ಇಗರ್ಜಿ. ಕಡಿದಾದ ಇಳಿಜಾರಿನಲ್ಲಿ ಬಾಗಿ ಗೊಂಚಲು ಕೊಯ್ಯುವವರನ್ನು ನೋಡಿ ನನ್ನ ಅಂಗಾಲು ಜುಮ್ಮೆಂದಿತು. ರಸ್ತೆಗೆ ತಾಗಿಯೇ ಹಣ್ಣು ತೂಗುತ್ತಿತ್ತು, ಬೇಲಿಯಿಲ್ಲ, ಕಾವಲಿಲ್ಲ. "ಮುಟ್ಟಬಹುದಾ? ಅಲೌಡಾ?" ಎಂದು ನಾನು ಕೇಳುತ್ತಲೇ ಇದ್ದೆ. ಬಳ್ಳಿಗಳ ನಡುವೆ ಕಲ್ಲಿನ ಶಿಲುಬೆಗಳು ಬಟಾಬಯಲಲ್ಲಿ ನಿಂತಿದ್ದವು. ಒಂದೊಂದನ್ನು ದಾಟುವಾಗಲೂ ಡ್ಯಾಡಿ ಸ್ಟಿಯರಿಂಗಿನಿಂದ ಕೈ ಬಿಡಿಸಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ, ಹಾಕಿದ ಮೇಲೆ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದರು. ಅಷ್ಟು ಚಂದವನ್ನು ನಾನು ಒಂದೇ ಕಡೆ ಕಂಡದ್ದು ಅದೇ ಮೊದಲು, ಇವತ್ತಿಗೂ ನೆನೆದರೆ ಎದೆ ತುಂಬಿ ಬರುತ್ತದೆ.

ಮಧ್ಯಾಹ್ನ ಮಾವ್ಶಿಗೆ ಪರಿಚಯದ ಒಬ್ಬ ಮುದುಕಿಯ ಮನೆಗೆ ಹೋದೆವು. ಅವರದು ತಲೆತಲಾಂತರದಿಂದ ವೈನ್ ಮಾಡುವ ಮನೆ. ಬೀದಿಗೆ ತೆರೆದ ದೊಡ್ಡ ಕಿಟಕಿಯ ಕೋಣೆಯಲ್ಲಿ ಕೂರಿಸಿದರು. ನೆಲದಡಿಯ ಪೀಪಾಯಿಗಳಲ್ಲಿ ಹೊಸ ರಸ ಹುದುಗುತ್ತಿದ್ದ ವಾಸನೆ ಕಾಲಡಿಯಿಂದಲೇ ಏಳುತ್ತಿತ್ತು. ನನಗೆ ಆಗಷ್ಟೇ ಹಿಂಡಿದ ರಸ, ಮಮ್ಮಿಗೂ ಮಾವ್ಶಿಗೂ ವೈನ್. ವೈನ್ ಬೆಳ್ಳಗಿರುವುದನ್ನು ಕಂಡು ನಾನು ಬಾಯಿ ಬಿಟ್ಟು ಕೂತೆ. ಮುದುಕಿ ಬಾಟಲಿ ಎತ್ತಿದ್ದೇ ತಡ, ಡ್ಯಾಡಿ ಎದ್ದು ಹೋಗಿ ಕಿಟಕಿ ಮುಚ್ಚಿದರು. ಮುದುಕಿ ಏನೋ ಹೇಳುತ್ತ ಅದನ್ನು ತೆರೆದಳು. ಮಾವ್ಶಿ ವಿವರಿಸಿದಳು, ಹುದುಗುವ ದಿನಗಳಲ್ಲಿ ಕೆಳಗಿನಿಂದ ಕೆಟ್ಟ ಗಾಳಿ ಏಳುತ್ತದೆ, ಕಿಟಕಿ ತೆರೆದಿರದಿದ್ದರೆ ಉಸಿರು ಕಟ್ಟುತ್ತದೆ ಎಂದು. ಡ್ಯಾಡಿ ತಲೆಯಾಡಿಸಿ ಕೂತರು, ಆದರೆ ಕಣ್ಣು ಬೀದಿಯಿಂದ ಕದಲಲಿಲ್ಲ.

ಆಗಲೇ ಸಮವಸ್ತ್ರದ ಒಬ್ಬ ಪೊಲೀಸ್ ಕಿಟಕಿಯ ಹೊರಗೆ ನಿಂತ. ಮೊಣಕೈಗಳನ್ನು ಕಿಟಕಿಕಟ್ಟೆಗೆ ಊರಿ ಒಳಗೆ ಬಗ್ಗಿ ನೋಡಿದ. ಡ್ಯಾಡಿ ಥಟ್ಟನೆ ಎದ್ದು, ಮಮ್ಮಿಯ ಕೈಯಿಂದ ಗ್ಲಾಸು ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದರು. ವೈನ್ ಚೆಲ್ಲಿ ಅವರ ಪ್ಯಾಂಟು ಒದ್ದೆಯಾಯಿತು. ಪೊಲೀಸ್ ನಮಗೆಲ್ಲ ನಮಸ್ಕಾರ ಹೇಳಿ, ಈ ವರ್ಷದ ದ್ರಾಕ್ಷಿ ಹೇಗೆ ಎಂದು ಮುದುಕಿಯನ್ನು ವಿಚಾರಿಸಿ, ಸಿಳ್ಳೆ ಹಾಕುತ್ತ ಹೋದ. ಡ್ಯಾಡಿ ಹಾಗೇ ನಿಂತಿದ್ದರು. ಹಿಂದೆ ಕೂತ ನನಗೆ ಗ್ಲಾಸನ್ನು ಬಿಗಿ ಹಿಡಿದ ಅವರ ಬೆರಳುಗಳು ಕಾಣುತ್ತಿದ್ದವು. ಯಾವಾಗಲೂ ನಗುವ ಮಮ್ಮಿ ಅಂದು ನಗಲಿಲ್ಲ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗ್ಲಾಸು ತೆಗೆದುಕೊಂಡಳು.

ಸಂಜೆ ನದಿಯ ಪಕ್ಕ ಹೋಗುತ್ತಿದ್ದಾಗ ಇಗರ್ಜಿಯ ಗಂಟೆ ಹೊಡೆಯತೊಡಗಿತು. ಡ್ಯಾಡಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದರು. ಕುವೈತಿನಲ್ಲಿ ನಾವು ಹೋಗುತ್ತಿದ್ದ ಇಗರ್ಜಿಯಲ್ಲಿ ಗಂಟೆಯ ಸದ್ದನ್ನು ನಾನು ಕೇಳಿರಲೇ ಇಲ್ಲ. ಈ ದಂಡೆಯ ಹಳ್ಳಿ ನಿಲ್ಲಿಸುವಷ್ಟರಲ್ಲಿ ಆ ದಂಡೆಯದು ಶುರು, ಅದರ ಹಿಂದೆ ಕಾಣದ ತಿರುವಿನ ಇನ್ನೊಂದು. ಕಣಿವೆಯೆಲ್ಲ ಗಂಟೆಯ ನಾದ ತುಂಬಿತು. ನನಗೆ ಅಳು ಬಂತು, ಯಾಕೆಂದು ಆಗ ಗೊತ್ತಾಗಲಿಲ್ಲ. ಡ್ಯಾಡಿ ಬಾನೆಟ್ಟಿಗೆ ಒರಗಿ ಕೊನೆಯ ಸದ್ದಿನವರೆಗೂ ಕೇಳಿಸಿಕೊಂಡು, ಮಮ್ಮಿಗೆ ಹೇಳಿದರು.

"ನೀವಿಬ್ಬರು ಬನ್ನಿ ಇಲ್ಲಿಗೆ."

"ಮತ್ತೆ ನೀವು?"

"ನಂಗೆ ಇನ್ನು ಕಿಟಕಿ ತೆಗೆದಿಟ್ಟು ಕೂತ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ. ಇವಳಿಗೆ ಆಗ್ತದೆ. ಇವಳು ಕಲೀಲಿ."

"ಎರಡು ವರ್ಷ. ಆಮೇಲೆ ಬರ್ಬೇಕು."

"ಬರ್ತೇನೆ ಅಲ್ವಾ" ಎಂದರು ಡ್ಯಾಡಿ, ಕಾರಿನ ಬಾಗಿಲು ತೆರೆಯುತ್ತ.

ಶಾಲೆಯ ವರ್ಷ ಮುಗಿದ ಮೇಲೆ ಫ್ಲ್ಯಾಟು ಖಾಲಿ ಮಾಡಿದೆವು. ಪುಟ್ಟ ಗ್ಲಾಸುಗಳು ನಮ್ಮ ಜೊತೆ ಬಂದವು. ಡ್ಯಾಡಿ ಮತ್ತೆ ಬ್ಯಾಚುಲರುಗಳ ರೂಮಿಗೆ ಹೋದರು. ಎರಡು ವರ್ಷ ಎಂದದ್ದು ಗಲ್ಫಿನವರ ಎರಡು ವರ್ಷ, ಪ್ರತಿ ಸಲ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಹೊಸತಾದಾಗ ಅದೂ ಹೊಸತಾಗುತ್ತಿತ್ತು. ಕ್ರಿಸ್‌ಮಸ್ಸಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಹಬ್ಬದ ಸಂಜೆ ಮಮ್ಮಿ ನಿಜವಾದ ವೈನ್ ಬಗ್ಗಿಸುವ ಮೊದಲು ತಾನೇ ಎದ್ದು ಕಿಟಕಿ ಮುಚ್ಚಿ ಪರದೆ ಎಳೆಯುತ್ತಿದ್ದಳು. ಅವರು ಏಳುವಂತಾಗಬಾರದು ಎಂದು. ಇದಕ್ಕಿಂತ ದೊಡ್ಡ ಪ್ರೀತಿಯನ್ನು ನಾನು ಯಾವ ಮನೆಯಲ್ಲೂ ನೋಡಿಲ್ಲ. ಒಂದು ವರ್ಷ ಕೆಲಸ ಬಿಟ್ಟು ಬರುವುದು ಖಂಡಿತ ಎಂದರು, ಟಿಕೆಟ್ಟೂ ಆಗಿತ್ತು. ವರ್ಕ್‌ಶಾಪಿನಲ್ಲಿ ಚಾ ಕುಡಿಯಲು ಕೂತವರು ಮತ್ತೆ ಏಳಲಿಲ್ಲ. ಮಮ್ಮಿ ಮತ್ತು ನಾನು ನೇರ ಮಂಗಳೂರಿಗೆ ಹೋಗಿ ಪೆಟ್ಟಿಗೆಯಲ್ಲಿ ಬಂದ ಅವರನ್ನು ಬರಮಾಡಿಕೊಂಡೆವು.

ಡ್ಯಾಡಿ ಅಂದ ಹಾಗೆಯೇ ನಾನು ಕಲಿತೆ. ಜರ್ಮನಿಯ ನನ್ನ ಮನೆಯಲ್ಲಿ ಹಿಮ ಬೀಳುವಾಗಲೂ ಒಂದು ಕಿಟಕಿ ತೆರೆದಿರುತ್ತದೆ, ಪರದೆಯನ್ನು ನಾನು ಹಾಕಿಸಿಯೇ ಇಲ್ಲ. ಇಲ್ಲಿ ಹೋಟೆಲಿನ ಲೋಟಕ್ಕೆ ದ್ರಾಕ್ಷಿ ರಸ ಬಗ್ಗಿಸಿದಾಗ ಕೋಣೆ ಯಾಕೋ ಮಬ್ಬಾಗಿದೆ ಅನ್ನಿಸಿತು. ಹೊರಗೆ ಇನ್ನೂ ಬೆಳಕಿದೆ, ಸಂಜೆಯ ಮಗ್ರಿಬ್ ಆಜಾನ್ ಈಗಷ್ಟೇ ಶುರುವಾಗಿದೆ. ನೋಡಿದರೆ ಪರದೆ ಪೂರ್ತಿ ಎಳೆದಿತ್ತು. ಬಾಟಲಿ ಎತ್ತಿಕೊಳ್ಳುವ ಮೊದಲು ಅದನ್ನು ಎಳೆದವಳು ನಾನೇ, ನನಗೇ ಗೊತ್ತಿಲ್ಲದಂತೆ. ಸರಿಸಲೆಂದು ಎದ್ದೆ, ಕೈ ಬರಲಿಲ್ಲ. ಮತ್ತೆ ಬಂದು ಕೂತು, ಇನ್ನೊಂದು ಲೋಟಕ್ಕೂ ಸ್ವಲ್ಪ ಬಗ್ಗಿಸಿ ಎದುರಿಗೆ ಇಟ್ಟೆ. ಡ್ಯಾಡಿಗೆ ಹೇಗೂ ಪರದೆ ಎಳೆದಿದ್ದರೇ ಸಮಾಧಾನ.